ಮೌನವು ಸಮ್ಮತಿಯೋ?

ಮೌನವು ಸಮ್ಮತಿಯ ಲಕ್ಷಣವೆಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕೇಳಿದಾಗ ಸುಮ್ಮನಿದ್ದವನು ಒಪ್ಪಿಕೊಂಡನೆಂದು ಲೋಕವು ಎಣಿಸುತ್ತದೆ. ಮನೆಯ ವ್ಯವಹಾರದಲ್ಲಿ ಈ ಮಾತು ಸಾಗಬಹುದು. ಊರವರೆಲ್ಲರೂ ಕೂಡತಕ್ಕ ಗ್ರಾಮಸಭೆಯಲ್ಲಿ ಇದು ನ್ಯಾಯವೋ ಎಂಬದನ್ನು ವಿಚಾರಿಸೋಣ.

ತುಂಗಭದ್ರೆಯ ದಡದ ಹುಲಿಗಿ ಸೀಮೆಯವರಿಗೆ ಸಭೆಯಲ್ಲಿ ಮಾತಾಡುವ ಹಕ್ಕು ಪೂರ್ವಕಾಲದಿಂದ ಬಂದದ್ದಲ್ಲ. 1948ರ ವರೆಗೆ ಕೊಪ್ಪಳ ಸೀಮೆಯು ನಿಜಾಮರ ಹೈದರಾಬಾದು ಸಂಸ್ಥಾನದೊಳಗೆ ಸಾಲಾರಜಂಗರ ಜಹಗೀರಾಗಿತ್ತು. ಆ ಸಂಸ್ಥಾನದಲ್ಲಿ ಬಹಿರಂಗ ಸಭೆ ಕೂಡಿಸಬೇಕಾದರೆ ಸರಕಾರದ ಅಪ್ಪಣೆಯನ್ನು ಮೊದಲೇ ಪಡೆಯಬೇಕೆಂಬ ಗಸ್ತಿ ಆಜ್ಞೆ ಇತ್ತು. ಆಗಿನ ಜನರ ಮೌನವನ್ನು ಸಮ್ಮತಿಯೆಂದು ಯಾರು ಹೇಳಾರು?

ಈಗಲಾದರೋ ಕಾಲವು ಬೇರೆಯಾಗಿದೆ. 1993ರ ಏಪ್ರಿಲ್ 24ರಂದು ಜಾರಿಗೆ ಬಂದ ರಾಜ್ಯಘಟನೆಯ 73ನೆಯ ತಿದ್ದುಪಡಿಯು ಗ್ರಾಮಸಭೆಗೆ ಸ್ಥಾನವನ್ನು ಕೊಟ್ಟಿತು. ಅದೇ ವರುಷದ ಕರ್ನಾಟಕ ಪಂಚಾಯತಿ ಕಾಯಿದೆಯೂ ಅದರ ತಿದ್ದುಪಡಿಗಳೂ ವಿಧಿಸುವದೇನಂದರೆ: ಮತದಾರರ ಪಟ್ಟಿಯಲ್ಲಿ ಹೆಸರುಳ್ಳವರೆಲ್ಲರೂ ಗ್ರಾಮಸಭೆಯ ಸದಸ್ಯರು, ಸಭೆಯು ಆರು ತಿಂಗಳಿಗೊಮ್ಮೆಯಾದರೂ ಕೂಡತಕ್ಕದ್ದು, ವರುಷದ ಲೆಕ್ಕಪತ್ರವು ಅದರ ಮುಂದೆ ಬರತಕ್ಕದ್ದು, ಸರಕಾರದ ಸಹಾಯವು ಯಾರಿಗೆ ಸಲ್ಲಬೇಕೆಂಬದು ವಾರ್ಡುಸಭೆ ಗ್ರಾಮಸಭೆಗಳಲ್ಲಿ ವಿಚಾರವಾಗತಕ್ಕದ್ದು. ವಾರ್ಡುಸಭೆಗೆ ಬಂದವರಲ್ಲಿ ನೂರಕ್ಕೆ 30 ಮಂದಿಯಾದರೂ ಸ್ತ್ರೀಯರಿರಬೇಕು. ಪರಿಶಿಷ್ಟ ಜಾತಿ ಪಂಗಡಗಳವರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು.

ಇದೆಲ್ಲಾ ಒಳ್ಳೇದೇ. ಆದರೆ ಕಾಯಿದೆಯು ತಲೆಗಳನ್ನು ಎಣಿಸಬಲ್ಲದೇ ಹೊರತು ನಾಲಿಗೆಯ ಕಟ್ಟನ್ನು ಬಿಚ್ಚಲಾರದು. ಒಂದು ಸಭೆಯಲ್ಲಿ ಮನೆ ಕೊಡತಕ್ಕವರ ಪಟ್ಟಿಯನ್ನು ಓದುತ್ತಾರೆಂದು ಇಟ್ಟುಕೊಳ್ಳಿರಿ. ಗುಡಿಸಲಿನಲ್ಲಿರುವ ಕೂಲಿಯ ಹೆಂಗಸಿನ ಹೆಸರು ಅದರಲ್ಲಿಲ್ಲ. ಮಾಳಿಗೆಮನೆಯ ಯಜಮಾನನ ಹೆಸರು ಉಂಟು. ನಾಳೆ ಭತ್ತದ ಸಸಿ ಹಚ್ಚುವ ಕೂಲಿಯು ಆಕೆಗೆ ಸಿಕ್ಕಬೇಕಾದದ್ದು ಅವನ ಹೊಲದಲ್ಲಿಯೇ. "ಯಾರದಾದರೂ ತಕರಾರು ಉಂಟೋ?" ಎಂದು ಕೇಳುತ್ತಾರೆ. ಆಕೆ ಸೆರಗನ್ನು ಬಾಯಿಗೆ ಹಿಡಿದು ಸುಮ್ಮನಿರುತ್ತಾಳೆ. "ಸರ್ವಾನುಮತದಿಂದ ಒಪ್ಪಲಾಯಿತು" ಎಂದು ಠರಾವಾಗುತ್ತದೆ. ಬರೆದವನು ಕಂಡದ್ದನ್ನೇ ಬರೆದನು. ಆದರೂ ಪುಸ್ತಕದೊಳಗೆ ಸುಳ್ಳು ಸೇರಿತು. ಯಾಕಂದರೆ ಬೇಡವೆನ್ನಲು ಶಕ್ತಿಯುಳ್ಳವನ ಮೌನ ಮಾತ್ರವೇ ಸಮ್ಮತಿ. ಆ ಶಕ್ತಿಯಿಲ್ಲದವಳ ಮೌನವು ಭಯವೇ.

ಹಾಗಾದರೆ ತಪ್ಪು ಯಾರದು? ಆಕೆ ಧೈರ್ಯಮಾಡಬೇಕಿತ್ತೆಂದು ಹೇಳುವದು ಸುಲಭ. ಆ ಧೈರ್ಯದ ಬೆಲೆಯನ್ನು ತೆರತಕ್ಕವಳು ಆಕೆಯೇ. ಆದರೆ ಅದೇ ಚಾವಡಿಯಲ್ಲಿ ಸ್ವಂತ ಹೊಲವುಳ್ಳ ನೆರೆಯವನೊಬ್ಬನು ಕೂತಿದ್ದಾನೆ. ಆಕೆಯ ಸ್ಥಿತಿಯನ್ನು ಅವನು ಬಲ್ಲನು. ಮಾತಾಡಿದರೆ ಅವನಿಗಾಗುವ ನಷ್ಟವೇನೂ ಇಲ್ಲ. ಇಬ್ಬರೂ ಸುಮ್ಮನಿದ್ದರೂ ಇಬ್ಬರ ಮೌನವು ಒಂದೇ ಅಲ್ಲ. ಗಾದೆಯು ಅವನಿಗೆ ಸರಿಯಾಗಿ ತಗಲುತ್ತದೆ: ಅವನು ಅನ್ಯಾಯಕ್ಕೆ ಒಪ್ಪಿದವನೇ.

"ಊರೊಳಗೆ ಹಗೆ ಯಾಕೆ? ಸಮಾಧಾನವೇ ಲೇಸು" ಎಂದು ಕೆಲವರು ಅನ್ನುವರು. ಹಗೆ ಬೇಡವೆಂಬದು ನಿಜವೇ. ಆದರೆ ಬಡವಳ ಪಾಲನ್ನು ಕೊಟ್ಟು ಸಮಾಧಾನವನ್ನು ಕೊಳ್ಳುವದಕ್ಕೆ ನಮಗೇನು ಅಧಿಕಾರ? ಯಾರನ್ನೂ ಹೀಯಾಳಿಸದೆ, "ಈ ಪಟ್ಟಿಯು ಯಾವ ಕ್ರಮದಿಂದ ಆಯಿತು? ಗುಡಿಸಲಿನವರ ಹೆಸರು ಯಾಕೆ ಬಿಟ್ಟಿತು?" ಎಂದು ಶಾಂತವಾಗಿ ಕೇಳಬಹುದು, ಕೇಳಿದ್ದನ್ನು ನಡಾವಳಿಯಲ್ಲಿ ಬರೆಯಿರೆಂದು ಬೇಡಬಹುದು. ಬಾಯಿಬಲವುಳ್ಳವನು ಸಭೆಯ ಹೊತ್ತನ್ನೆಲ್ಲಾ ತಾನೇ ನುಂಗಬಾರದೆಂಬದನ್ನೂ ನೆನಪಿಡತಕ್ಕದ್ದು. ಒಬ್ಬನ ಅತಿಮಾತು ಹತ್ತು ಮಂದಿಯ ಬಾಯಿ ಕಟ್ಟುತ್ತದೆ. ಅಧ್ಯಕ್ಷರಾದವರು ಸಹ "ತಕರಾರು ಉಂಟೋ?" ಎಂದು ಒಂದೇ ಸಾರಿ ಕೇಳಿ ಪುಸ್ತಕ ಮುಚ್ಚದೆ, ಹಿಂದಿನ ಸಾಲಿನವರನ್ನು ಬೇರೆಯಾಗಿ ವಿಚಾರಿಸುವದು ಯುಕ್ತ.

ಆದದರಿಂದ ಮುಂದಿನ ಗ್ರಾಮಸಭೆಯ ಡಂಗುರ ಕೇಳಿದಾಗ, ಹಿಂದಿನ ಸಂಜೆಯೇ ನಿಮ್ಮ ಓಣಿಯ ವಿಧವೆಯರನ್ನೂ ಕೂಲಿಯವರನ್ನೂ ಕಂಡು, ಅವರ ಅಗತ್ಯವೇನೆಂದು ಕೇಳಿಕೊಳ್ಳಿರಿ. ಮರುದಿನ ಅವರ ಸಂಗಡಲೇ ಹೋಗಿ, ಅವರ ಪಕ್ಕದಲ್ಲಿಯೇ ಕೂತುಕೊಳ್ಳಿರಿ. ಅವರು ಎದ್ದು ಮಾತಾಡಿದರೆ ಸಂತೋಷ; ಏಳಲಾರದೆ ಹೋದರೆ ನೀವು ಏಳಿರಿ.