ಮೈಲಿಗೆಗೆ ಯಾವ ಇಂದ್ರಿಯ?

ಮಾಗಡಿ ತಾಲ್ಲೂಕಿನ ಕಲ್ಯ ಈಗ ಸಣ್ಣ ಊರು. ಒಂದು ಕಾಲಕ್ಕೆ ಇದು ಕಲ್ಲೆಹವೆಂಬ ಪಟ್ಟಣ, ಜೈನರ ದೊಡ್ಡ ನೆಲೆ. ಆಮೇಲೆ ವೀರಶೈವರ ನೆಲೆ. ಇಲ್ಲಿ 1368ರ ಒಂದು ಶಾಸನವಿದೆ. ವಿಜಯನಗರದ ಬುಕ್ಕರಾಯನ ಕಾಲದ್ದು. ಇದೇ ಒಪ್ಪಂದದ ಕಲ್ಲು ಶ್ರವಣಬೆಳಗೊಳದಲ್ಲೂ ಇದೆ. ವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆ ಎಂದು ಆನೆಗೊಂದಿ, ಪೆನುಗೊಂಡೆ, ಕಲ್ಲೆಹ ಮೊದಲಾದ ಕಡೆಯ ಜೈನರು ದೊರೆಗೆ ದೂರು ಕೊಟ್ಟರು. ದೊರೆ ಎರಡೂ ಕಡೆಯವರನ್ನು ಸೇರಿಸಿ, ಈ ಎರಡು ದರ್ಶನಗಳಲ್ಲಿ ಭೇದವಿಲ್ಲ ಎಂದು ತೀರ್ಮಾನ ಹೇಳಿ, ಜೈನರ ಕೈ ಹಿಡಿದು ವೈಷ್ಣವರ ಕೈಗೆ ಕೊಟ್ಟ. ಇದನ್ನು ಧರ್ಮ ಸಮನ್ವಯ ಅಂತ ಹೊಗಳುತ್ತಾರೆ. ಹೊಗಳಲಿ.

ಆದರೆ ಆ ಕಲ್ಲಿನಲ್ಲಿ ವೈಷ್ಣವರು ಯಾರು ಯಾರು ಅಂತ ಒಂದು ಪಟ್ಟಿ ಇದೆ. ಆಚಾರ್ಯರಿಂದ ಶುರುವಾಗುವ ಆ ಪಟ್ಟಿ ಕೊನೆಗೆ ತಿರುಕುಲ, ಜಾಂಬವಕುಲದವರೆಗೂ ಬರುತ್ತದೆ. ಅಂದರೆ ಹೊಲೆಯರು, ಮಾದಿಗರು. ಅಂದರೆ ನಾವು. ಕೈಗೆ ಕೈ ಕೊಡಿಸಿದ ಆ ಲೆಕ್ಕದಲ್ಲಿ ನಮ್ಮ ಕೈಯೂ ಸೇರಿತ್ತು. ಕಲ್ಲಿನ ಮೇಲೆ ಸೇರಿದ ಕೈ ಬೀದಿಯಲ್ಲಿ ಸೇರಿತ್ತಾ? ಅದೇ ತಿರುಕುಲದವರಿಗೆ ಮೇಲುಕೋಟೆಯ ಗುಡಿಯೊಳಗೆ ಹೋಗಲು ವರ್ಷದಲ್ಲಿ ಕೆಲವೇ ದಿನ ಬಿಡುತ್ತಿದ್ದರು. ಉಳಿದ ದಿನಗಳಲ್ಲಿ ಅದೇ ಕಾಲು, ಅದೇ ಕೈ, ಅದೇ ಮೈ ಮೈಲಿಗೆ. ಇದನ್ನು ಯಾವ ಕಣ್ಣು ಕಂಡಿತು? ಯಾವ ಮೂಗು ಮೂಸಿತು? ನಾವು ಇಲ್ಲಿ ಕೇಳುವ ಪ್ರಶ್ನೆ ಇಷ್ಟೆ: ಮನುಷ್ಯನಿಗಿರುವ ಇಂದ್ರಿಯಗಳಲ್ಲಿ ಮೈಲಿಗೆಯನ್ನು ತಿಳಿಯುವ ಇಂದ್ರಿಯ ಯಾವುದು?

ಕಲ್ಯದ ಜೈನರ ಶಾಸ್ತ್ರದಲ್ಲೇ ಇದಕ್ಕೊಂದು ದಾರಿ ಇದೆ. ಜೈನರು ಜೀವಿಗಳನ್ನು ಇಂದ್ರಿಯಗಳ ಲೆಕ್ಕದಲ್ಲಿ ವಿಂಗಡಿಸಿದರು. ಗಿಡ ಮರಕ್ಕೆ ಒಂದೇ ಇಂದ್ರಿಯ, ಸ್ಪರ್ಶ. ಹುಳಕ್ಕೆ ಎರಡು, ಸ್ಪರ್ಶ ಮತ್ತು ರುಚಿ. ಇರುವೆಗೆ ವಾಸನೆಯೂ ಸೇರಿ ಮೂರು. ಜೇನುನೊಣಕ್ಕೆ ನೋಟವೂ ಸೇರಿ ನಾಲ್ಕು. ದನ, ಹಕ್ಕಿ, ಮನುಷ್ಯರಿಗೆ ಕೇಳುವುದೂ ಸೇರಿ ಐದು. ಇವತ್ತಿನ ವಿಜ್ಞಾನ ಈ ಲೆಕ್ಕವನ್ನು ಹಾಗೇ ಒಪ್ಪುವುದಿಲ್ಲ, ಇರುವೆಗೂ ಕಣ್ಣಿದೆ. ಆದರೆ ಒಂದು ಮಾತನ್ನು ಗಮನಿಸಬೇಕು. ಆ ಏಣಿಯ ಮೊದಲ ಮೆಟ್ಟಿಲೇ ಸ್ಪರ್ಶ. ಬೇರೆ ಏನೂ ಇಲ್ಲದ ಜೀವಕ್ಕೂ ಅದೊಂದು ಇದ್ದೇ ಇದೆ. ತಾಯಿಯ ಹೊಟ್ಟೆಯಲ್ಲಿ ಮಗುವಿಗೆ ಮೊದಲು ಬರುವ ಇಂದ್ರಿಯವೂ ಸ್ಪರ್ಶವೇ ಎಂದು ಇವತ್ತಿನ ವೈದ್ಯರೂ ಹೇಳುತ್ತಾರೆ. ಹುಲ್ಲಿಗೂ ಹುಳಕ್ಕೂ ಒಪ್ಪಿಕೊಂಡ ಈ ಮೊದಲ ಗುಣವನ್ನೇ ಈ ದೇಶ ಒಂದು ಗುಂಪು ಮನುಷ್ಯರಿಂದ ಕಿತ್ತುಕೊಂಡು, ಅವರಿಗೆ ಅಸ್ಪೃಶ್ಯರು ಅಂತ ಹೆಸರಿಟ್ಟಿತು. ಕಿತ್ತುಕೊಳ್ಳುವಾಗ ಹುಲ್ಲಿನ ಲೆಕ್ಕಕ್ಕೂ ನಮ್ಮನ್ನು ಇಡಲಿಲ್ಲ.

ಈಗ ಇಂದ್ರಿಯಗಳನ್ನು ಒಂದೊಂದಾಗಿ ವಿಚಾರಿಸೋಣ.

ಚರ್ಮವನ್ನು ಕೇಳೋಣ. ಚರ್ಮದ ಕೆಳಗಿನ ನರದ ತುದಿಗಳಲ್ಲಿ ಒತ್ತಿದರೆ ತೆರೆದುಕೊಳ್ಳುವ ಬಾಗಿಲುಗಳಿವೆ, ಬಿಸಿ ತಾಗಿದರೆ ತೆರೆದುಕೊಳ್ಳುವ ಬಾಗಿಲುಗಳಿವೆ. ಇವನ್ನು ಪತ್ತೆ ಹಚ್ಚಿದ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೌಟಿಯನ್ ಅವರಿಗೆ 2021ರಲ್ಲಿ ನೊಬೆಲ್ ಬಹುಮಾನ ಬಂತು. ಜೂಲಿಯಸ್ ಬಿಸಿಯ ಬಾಗಿಲನ್ನು ಹುಡುಕಿದ್ದು ಮೆಣಸಿನಕಾಯಿಯ ಖಾರದಿಂದ. ಕೂಲಿಯವನ ನಾಲಿಗೆಗೂ ಶ್ಯಾನುಭೋಗನ ನಾಲಿಗೆಗೂ ಖಾರ ಹತ್ತುವುದು ಒಂದೇ ಬಾಗಿಲಿನಿಂದ. ಮೆಲ್ಲಗೆ ಸವರಿದರೆ ಮಾತ್ರ ಎಚ್ಚರಾಗುವ ಬೇರೆ ನರಗಳೂ ಚರ್ಮದಲ್ಲಿವೆ. ತಾಯಿ ಮಗುವಿನ ಬೆನ್ನು ಸವರಿದಾಗ ಹಿತವಾಗುವುದು ಅವುಗಳಿಂದ. ಒತ್ತಡಕ್ಕೆ ಬಾಗಿಲಿದೆ, ಬಿಸಿಗೆ ಇದೆ, ಅಕ್ಕರೆಗೂ ಇದೆ. ಜಾತಿಗೆ ಇಲ್ಲ.

ಮೂಗನ್ನು ಕೇಳೋಣ. ಮನುಷ್ಯನ ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳು ಸುಮಾರು 400 ಬಗೆ. ನಾಯಿಗೆ ಸುಮಾರು 800. ಬನ್ನೇರುಘಟ್ಟದಿಂದ ಸಾವನದುರ್ಗದ ಕಡೆಗೆ ರಾತ್ರಿ ಹೊತ್ತು ಬಂದು ರಾಗಿ ಹೊಲಕ್ಕೆ ಇಳಿಯುತ್ತವಲ್ಲ, ಆ ಆನೆಗಳಿಗೆ ಸುಮಾರು 2,000. ಮೂಗಿನ ಲೆಕ್ಕದಲ್ಲಿ ನಾವೆಲ್ಲ ಆನೆಯ ಮುಂದೆ ಕುರುಡರಿದ್ದಂತೆ. ಇನ್ನು ರಾಮನಗರದ ಮಾರುಕಟ್ಟೆಗೆ ಮೂಟೆ ಮೂಟೆ ಗೂಡು ಬರುವ ರೇಷ್ಮೆಹುಳವನ್ನು ನೋಡಿ. ಗೂಡಿನಿಂದ ಹೊರಬಂದ ಗಂಡು ಚಿಟ್ಟೆ ಹೆಣ್ಣು ಚಿಟ್ಟೆಯನ್ನು ಹುಡುಕುವುದು ಮೀಸೆಯಂತಹ ಕುಡಿಗಳಿಂದ, ಒಂದೇ ಒಂದು ವಾಸನೆಯ ಜಾಡಿನಲ್ಲಿ. ಜರ್ಮನಿಯ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳಿಂದ ಆ ವಸ್ತುವನ್ನು ಬೇರ್ಪಡಿಸಿ 1959ರಲ್ಲಿ ಅದು ಇಂಥದ್ದೇ ಎಂದು ತೋರಿಸಿದರು. ಆ ಗಂಡು ಚಿಟ್ಟೆಗೆ ಯಾರೂ ಪಾಠ ಹೇಳಿಕೊಡಲಿಲ್ಲ. ಅದು ಹುಟ್ಟಿನಿಂದಲೇ ಬಂದದ್ದು.

ಇಲ್ಲಿ ನಿಂತು ಯೋಚಿಸಬೇಕು. ಜಾತಿ ರಕ್ತದಲ್ಲೇ ಇದೆ ಅಂತಾರಲ್ಲ, ಹಾಗಿದ್ದರೆ ಅದು ಚಿಟ್ಟೆಯ ವಾಸನೆಯ ಹಾಗೆ ಯಾರೂ ಹೇಳದೆಯೇ ತಿಳಿಯಬೇಕಿತ್ತು. ಮೇಲ್ಜಾತಿಯ ಮನೆಯ ಎರಡು ವರ್ಷದ ಮಗುವನ್ನು ಕೇರಿಯ ಮಕ್ಕಳ ಜೊತೆ ಮಣ್ಣಿನಲ್ಲಿ ಬಿಟ್ಟು ನೋಡಿ. ಅದು ಅವರ ಕೈಯಿಂದ ಕಿತ್ತುಕೊಂಡು ತಿನ್ನುತ್ತದೆ. ಅದಕ್ಕೆ ಮೈಲಿಗೆ ಗೊತ್ತಿಲ್ಲ. ಅದಕ್ಕೆ ಗೊತ್ತು ಮಾಡಿಸಬೇಕು. ಗದರಿಸಬೇಕು, ಕೈ ಹಿಡಿದು ಎಳೆದುಕೊಂಡು ಹೋಗಬೇಕು, ತಲೆ ಮೇಲೆ ನೀರು ಸುರಿಯಬೇಕು. ಇಷ್ಟೊಂದು ಕಷ್ಟಪಟ್ಟು ಕಲಿಸಬೇಕಾದ್ದು ರಕ್ತದಲ್ಲಿ ಇರುವುದು ಹೇಗೆ?

ಹಾಗಾದರೆ ಮೈಲಿಗೆ ಇರುವುದೆಲ್ಲಿ? ಮಿದುಳಿನಲ್ಲಿ. ಮಿದುಳು ಸುಮಾರು ಒಂದೂ ಕಾಲು ಕಿಲೋದಿಂದ ಒಂದೂವರೆ ಕಿಲೋ ತೂಗುತ್ತದೆ. ಮೈತೂಕದಲ್ಲಿ ನೂರಕ್ಕೆ ಎರಡು ಪಾಲು. ಉಂಡ ಅನ್ನದ ಶಕ್ತಿಯಲ್ಲಿ ಮಾತ್ರ ನೂರಕ್ಕೆ ಇಪ್ಪತ್ತು ಪಾಲು ತಾನೇ ತಿನ್ನುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬುರುಡೆಯ ಕತ್ತಲಲ್ಲಿ ಕೂತ ಅದು ನೇರವಾಗಿ ಏನನ್ನೂ ನೋಡುವುದಿಲ್ಲ, ಮೂಸುವುದಿಲ್ಲ. ನರಗಳ ಮೂಲಕ ಬರುವ ಸಣ್ಣ ಮಿಂಚುಗಳನ್ನು ಹಿಡಿದು, ಹಿಂದೆ ಕಲಿತದ್ದರ ಜೊತೆ ಸೇರಿಸಿ, ಇದು ಇಂಥದ್ದು ಅಂತ ಊಹಿಸುತ್ತದೆ. ಊಹೆಯನ್ನು ನಿಜ ಅಂತಲೇ ನಂಬುತ್ತದೆ.

ಇದಕ್ಕೆ ಸಾಕ್ಷಿ ಇದೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಜನರಿಗೆ ಒಂದೇ ವಾಸನೆಯನ್ನು ಎರಡು ಹೆಸರಿನಲ್ಲಿ ಮೂಸಲು ಕೊಟ್ಟರು. ಒಮ್ಮೆ ಅದರ ಹೆಸರು ಚೀಸ್, ಇನ್ನೊಮ್ಮೆ ಮೈಬೆವರಿನ ನಾತ. ಚೀಸ್ ಅಂದಾಗ ಹಿತ ಅಂದರು, ಮೈನಾತ ಅಂದಾಗ ಅಸಹ್ಯ ಅಂದರು. ಮಿದುಳಿನ ಒಳಗಿನ ಚಟುವಟಿಕೆಯೇ ಹೆಸರಿನ ಜೊತೆಗೆ ಬದಲಾಯಿತು. ಮೂಗಿಗೆ ಹೋದದ್ದು ಒಂದೇ. ಹೆಸರು ಮಾತ್ರ ಬೇರೆ.

ಈ ದೇಶದಲ್ಲಿ ಆ ಪ್ರಯೋಗ ಸಾವಿರಾರು ವರ್ಷದಿಂದ ನಡೆದಿದೆ. ಮಹಾಡದ ಚವದಾರ ಕೆರೆಯಲ್ಲಿ ದನ ನೀರು ಕುಡಿಯಬಹುದಿತ್ತು, ನಾಯಿ ಕುಡಿಯಬಹುದಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆಯಲ್ಲಿ ನೀರು ಕುಡಿದರು. ಆಮೇಲೆ ಕೆರೆಯನ್ನು ಸವರ್ಣೀಯರು ಸಗಣಿ ಗಂಜಲ ಸುರಿದು ಶುದ್ಧಿ ಮಾಡಿದರು. ಮೂಗಿಗೆ ಕೇಳಿದ್ದರೆ ಅದು ಬೇರೆ ತೀರ್ಪು ಹೇಳುತ್ತಿತ್ತು. ಆದರೆ ಮೂಗಿನ ಮಾತು ಅಲ್ಲಿ ನಡೆಯಲಿಲ್ಲ. ಇಲ್ಲೇ ರಾಮದೇವರ ಬೆಟ್ಟವನ್ನು ನೋಡಿ. ಅಲ್ಲಿನ ರಣಹದ್ದುಗಳಿಗಾಗಿ 2012ರಲ್ಲಿ ವನ್ಯಧಾಮ ಮಾಡಿದರು. ಒಳ್ಳೆಯದೇ. ದನಕ್ಕೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವಿನ ಔಷಧಿಯಿಂದ ಈ ದೇಶದ ರಣಹದ್ದುಗಳ ಕುಲವೇ ಅಳಿವಿನಂಚಿಗೆ ಬಂತು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ಸತ್ತ ದನವನ್ನು ತಿಂದು ಊರನ್ನು ಚೊಕ್ಕಟವಾಗಿಡುವ ಈ ಹಕ್ಕಿಗೆ ಪುರಾಣದಲ್ಲಿ ಜಟಾಯು ಅಂತ ಗೌರವ. ಅದೇ ಸತ್ತ ದನವನ್ನು ಎಳೆದು ಊರನ್ನು ಚೊಕ್ಕಟವಾಗಿಟ್ಟ ಮನುಷ್ಯನಿಗೆ ಊರಾಚೆ ಕೇರಿ. ಕೆಲಸ ಒಂದೇ, ಹೆಸರು ಬೇರೆ.

ಇನ್ನೊಂದು ಸುಳ್ಳನ್ನೂ ಇಲ್ಲಿ ಬಯಲು ಮಾಡಬೇಕು. ‘ಅವರಿಗೆ ಆ ವಾಸನೆ ಅಭ್ಯಾಸ ಆಗಿಬಿಟ್ಟಿರುತ್ತೆ ಬಿಡಿ’ ಅನ್ನುತ್ತಾರೆ. ನಿಜ, ಯಾವ ಮೂಗಾದರೂ ಒಂದೇ ವಾಸನೆಗೆ ಕೆಲವು ನಿಮಿಷದಲ್ಲಿ ಮಂಕಾಗುತ್ತದೆ. ಹೊರಗೆ ಬಂದು ಗಾಳಿ ಕುಡಿದರೆ ಮತ್ತೆ ಚುರುಕಾಗುತ್ತದೆ. ಅದು ಅಭ್ಯಾಸವಲ್ಲ. ಮಲದ ಗುಂಡಿಯಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಅನಿಲದ ಕಥೆ ಇನ್ನೂ ಕ್ರೂರ. ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ನಾತ. ಜಾಸ್ತಿಯಾದರೆ ಅದು ವಾಸನೆಯ ನರವನ್ನೇ ಜಡ ಮಾಡುತ್ತದೆ, ನಾತವೇ ಇಲ್ಲವಾಗುತ್ತದೆ. ಅಪಾಯ ಹೋಯಿತು ಅಂದುಕೊಂಡ ಹೊತ್ತಿಗೇ ಸಾವು ಬಂದಿರುತ್ತದೆ. ಅಭ್ಯಾಸ ಅನ್ನುವ ಮಾತಿನ ನಿಜವಾದ ಅರ್ಥ ಇದು. 1970ರ ದಶಕದ ಆರಂಭದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟರು. 1993ರಲ್ಲಿ ಕಾಯಿದೆ ಬಂತು, 2013ರಲ್ಲಿ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಮನೆಗೆ 10 ಲಕ್ಷ ರೂಪಾಯಿ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ಪರಿಹಾರದ ಮೊತ್ತ ಏರಿದೆ. ಗುಂಡಿಗೆ ಇಳಿಯುವವರ ಜಾತಿ ಬದಲಾಗಿಲ್ಲ.

ಈಗ ಬುದ್ಧಿವಂತರು ಒಂದು ಮಾತು ಎತ್ತುತ್ತಾರೆ. ಭೇದ ಮಾಡುವುದು ಪ್ರಕೃತಿ ಧರ್ಮ, ಪ್ರಾಣಿಗಳೂ ಮಾಡುತ್ತವೆ, ಹಾಗಾಗಿ ಮನುಷ್ಯ ಮಾಡಿದರೆ ತಪ್ಪೇನು ಎಂದು. ಇದನ್ನು ತಳ್ಳಿಹಾಕದೆ ಪರೀಕ್ಷೆ ಮಾಡೋಣ. ಕೀನ್ಯಾ ದೇಶದ ಅಂಬೋಸೆಲಿಯಲ್ಲಿ ಆನೆಗಳ ಮುಂದೆ ಎರಡು ಜನಾಂಗದವರು ತೊಟ್ಟ ಬಟ್ಟೆಗಳನ್ನು ಇಟ್ಟು ನೋಡಿದರು. ಮಸಾಯಿ ಗಂಡಸರು ಆನೆಗಳಿಗೆ ಈಟಿ ಎಸೆಯುವವರು. ಕಾಂಬಾ ಜನ ಬೇಸಾಯದವರು. ಮಸಾಯಿ ಬಟ್ಟೆಯ ವಾಸನೆ ಬಡಿದರೆ ಆನೆಗಳು ಹೆಚ್ಚು ದೂರ, ಹೆಚ್ಚು ವೇಗವಾಗಿ ಓಡಿದವು. ಇದು ಪ್ರಕಟವಾದದ್ದು 2007ರಲ್ಲಿ. ನೋಡಿ, ಆನೆಯೂ ಭೇದ ಮಾಡಿತು ಅಂತೀರಾ? 2014ರಲ್ಲಿ ಬಂದ ಇನ್ನೊಂದು ಅಧ್ಯಯನವನ್ನೂ ಓದಿ. ಈ ಸಲ ದನಿಗಳನ್ನು ಕೇಳಿಸಿದರು. ಮಸಾಯಿ ಗಂಡಸರ ದನಿಗೆ ಹೆದರಿದ ಆನೆಗಳು ಅದೇ ಮಸಾಯಿ ಹೆಂಗಸರ, ಹುಡುಗರ ದನಿಗೆ ಅಷ್ಟು ಹೆದರಲಿಲ್ಲ. ಆನೆ ನೋಡಿದ್ದು ಹುಟ್ಟನ್ನಲ್ಲ, ಈಟಿಯನ್ನು. ಈಟಿ ಹಿಡಿಯದವರನ್ನು ಅದೇ ಕುಲದೊಳಗಿಂದಲೂ ಬೇರೆ ಮಾಡಿ ನೋಡುವಷ್ಟು ವಿವೇಕ ಅದಕ್ಕಿದೆ. ನಮ್ಮ ಜಾತಿ ವ್ಯವಸ್ಥೆಯಲ್ಲಿ ಈಟಿ ಯಾರ ಕೈಯಲ್ಲಿತ್ತು? ಈಟಿ ಹಿಡಿದವನು ಶುದ್ಧ, ಬರಿಗೈಯವನು ಮೈಲಿಗೆ. ಬರಿಗೈಯವನ ಹೆಂಡತಿ ಮೈಲಿಗೆ, ಹಸುಗೂಸೂ ಮೈಲಿಗೆ. ಇದನ್ನು ಪ್ರಾಣಿಸಹಜ ಅನ್ನಬೇಡಿ. ಪ್ರಾಣಿಗಳಿಗೆ ಅವಮಾನ.

ಮಿದುಳು ಕಲಿಯುತ್ತದೆ ಎಂದೆವು. ತುಳಿಯುವವನ ಮಿದುಳು ಮಾತ್ರ ಕಲಿಯುವುದಿಲ್ಲ, ತುಳಿಸಿಕೊಂಡವನ ಮಿದುಳೂ ಕಲಿಯುತ್ತದೆ. ಹಳ್ಳಿಯ ಮೇಷ್ಟ್ರುಗಳು ಇದನ್ನು ಗಮನ ಕೊಟ್ಟು ಓದಬೇಕು. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಎಂಬ ಅರ್ಥಶಾಸ್ತ್ರಜ್ಞರು ಆರನೇ ಏಳನೇ ತರಗತಿಯ ಹುಡುಗರಿಗೆ ಕಾಗದದ ಮೇಲಿನ ಸಿಕ್ಕುದಾರಿ ಬಿಡಿಸುವ ಒಗಟು ಕೊಟ್ಟರು. ಬಿಡಿಸಿದ್ದಕ್ಕೆ ಕಾಸು. ಜಾತಿ ಎತ್ತದೆ ಆಡಿಸಿದಾಗ ದಲಿತ ಹುಡುಗರೂ ಮೇಲ್ಜಾತಿ ಹುಡುಗರೂ ಸರಿಸಮ ಬಿಡಿಸಿದರು. ಆಟಕ್ಕೆ ಮೊದಲು ಒಬ್ಬೊಬ್ಬನ ಹೆಸರು, ಊರು, ಜಾತಿಯನ್ನು ಎಲ್ಲರ ಮುಂದೆ ಕೂಗಿ ಹೇಳಿದಾಗ ದಲಿತ ಹುಡುಗರು ಬಿಡಿಸಿದ ಒಗಟುಗಳು ಕಡಿಮೆಯಾದವು. ಈ ಅಧ್ಯಯನ 2006ರಲ್ಲಿ ಅಚ್ಚಾಯಿತು. ಹುಡುಗ ಅದೇ, ಮಿದುಳು ಅದೇ, 8,600 ಕೋಟಿ ನರಕೋಶ ಅವೇ. ಒಂದು ಮಾತು ಕೂಗಿದ್ದಕ್ಕೆ ಕೈ ನಡುಗಿತು. ‘ಪ್ರತಿಭೆ ಇಲ್ಲ, ಮೀಸಲಾತಿ ಬೇಕು’ ಅಂತ ಹೀಯಾಳಿಸುವವರು ಪ್ರತಿಭೆ ಎಲ್ಲಿ ಕಳೆದುಹೋಗುತ್ತದೆ ಅಂತ ಇಲ್ಲಿ ನೋಡಲಿ.

ಜಾತಿ ಇಟ್ಟಿಗೆ ಗೋಡೆಯಲ್ಲ, ಮನಸ್ಸಿನ ಸ್ಥಿತಿ ಎಂಬ ಅರ್ಥದ ಮಾತನ್ನು ಬಾಬಾಸಾಹೇಬರು 1936ರಲ್ಲೇ ಜಾತಿ ವಿನಾಶದ ಬಗ್ಗೆ ಬರೆಯುತ್ತಾ ಹೇಳಿದ್ದರು. ಇದನ್ನು ಹಿಡಿದುಕೊಂಡು ಕೆಲವರು ಮನಸ್ಸು ಬದಲಾಗಲಿ, ಎಲ್ಲ ಸರಿಹೋಗುತ್ತೆ ಅಂತ ಉಪದೇಶ ಶುರು ಮಾಡುತ್ತಾರೆ. ನಾವು ಅದನ್ನು ಒಪ್ಪುವುದಿಲ್ಲ. ಮಿದುಳು ಉಪದೇಶದಿಂದ ಕಲಿತದ್ದು ಕಡಿಮೆ. ಅದು ಕಲಿತದ್ದು ಬೇರೆ ಕೇರಿಯಿಂದ, ಬೇರೆ ಲೋಟದಿಂದ, ಬೇರೆ ಸಾಲಿನಿಂದ, ಬೇರೆ ಸುಡುಗಾಡಿನಿಂದ. ದಿನಾ ಮಾಡಿದ್ದನ್ನೇ ಅದು ನಿಜ ಅಂತ ಊಹಿಸಿತು. ಹಾಗಾಗಿ ಬದಲಾಗಬೇಕಾದ್ದು ಮೊದಲು ಲೋಟ, ಸಾಲು, ಬೀದಿ, ಜಮೀನಿನ ಲೆಕ್ಕ. ಕೈ ಬೇರೆ ಕೆಲಸ ಮಾಡಿದರೆ ಮಿದುಳು ಹಿಂದಿನಿಂದ ಬರುತ್ತದೆ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯ ಆಚರಣೆಯನ್ನು ಅಪರಾಧ ಮಾಡಿದ್ದರ ಅರ್ಥವೂ ಇದೇ. ಮನಸ್ಸಿನೊಳಗೆ ಪೊಲೀಸರನ್ನು ಕಳಿಸಲಾಗದು, ಆಚರಣೆಯ ಮೇಲೆ ಕಳಿಸಬಹುದು.

ಆದ್ದರಿಂದ ನಾವು ಕೇಳುವುದು ದೊಡ್ಡ ಮಾತುಗಳನ್ನಲ್ಲ. ಮೇಷ್ಟ್ರೇ, ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಜಾತಿ ಕೂಗಿ ಓದಬೇಡಿ. ಮಗುವನ್ನು ಪಕ್ಕಕ್ಕೆ ಕರೆದು ಹೇಳಿ. ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಯಾರು ಕೂತಿದ್ದಾರೆ ಅಂತ ದಿನಾ ಕಣ್ಣಿಡಿ. ವಿದ್ಯಾರ್ಥಿಗಳೇ, ಊರಿನ ಹೋಟೆಲಿನಲ್ಲಿ ಲೋಟ ಎರಡು ಬಗೆ ಇದ್ದರೆ ಬರೆದಿಟ್ಟುಕೊಂಡು ದೂರು ಕೊಡಿ. ಗೆಳೆಯರೇ, ಪಂಚಾಯಿತಿ ಗುಂಡಿಗೆ ಮನುಷ್ಯನನ್ನು ಇಳಿಸಿದರೆ ಇಳಿಯುವ ಮೊದಲೇ ತಡೆಯಿರಿ. ಆಮೇಲೆ ಸಿಗುವುದು ಪರಿಹಾರ ಮಾತ್ರ. ಮೈಲಿಗೆಗೆ ಇಂದ್ರಿಯವಿಲ್ಲ. ಅದಕ್ಕಿರುವುದು ಅಭ್ಯಾಸ. ಅಭ್ಯಾಸವನ್ನು ಮುರಿಯುವುದು ಕೈಯಿಂದಲೇ ಶುರುವಾಗಬೇಕು.