ಹಬ್ಬದ ನಾಲ್ಕನೆಯ ದಿನ

ಕರಾವಳಿಯ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಎಂದರೆ ಒಂದು ದಿನದ ಮಾತಾಗಿರಲಿಲ್ಲ. ವಾರದ ಮೊದಲೇ ಅಡುಗೆಮನೆಯಲ್ಲಿ ಕುಸ್ವಾರಿನ ಗಡಿಬಿಡಿ, ಜಗಲಿಯ ಮೂಲೆಯಲ್ಲಿ ಬೈಹುಲ್ಲಿನ ಗೋದಲಿ, ಮಾವಿನ ಮರಕ್ಕೆ ಕಾಗದದ ನಕ್ಷತ್ರ. ನೆರೆಮನೆಗಳಿಗೆಲ್ಲ ಹಬ್ಬದ ದಿನವೇ ಮಕ್ಕಳಾದ ನಾವು ತಿಂಡಿ ಹಂಚಿ ಬರುತ್ತಿದ್ದೆವು. ಒಂದು ಮನೆಗೆ ಮಾತ್ರ ಅಮ್ಮ ಡಿಸೆಂಬರ್ 28ರ ಸಂಜೆ, ತಟ್ಟೆಯಲ್ಲಿ ನಾಲ್ಕು ನೆವ್ರಿ, ಒಂದಿಷ್ಟು ಕಿಡಿಯೊ ಇಟ್ಟು, ಬಟ್ಟೆ ಮುಚ್ಚಿ, ತಾನೊಬ್ಬಳೇ ಹೋಗುತ್ತಿದ್ದಳು.

ಕಾರಣ ನನಗೆ ಗೊತ್ತಿತ್ತು. ಆ ಮನೆಯ ಹುಡುಗನೂ ನಾನೂ ಒಂದು ಮಳೆಗಾಲದಲ್ಲಿ ಒಟ್ಟಿಗೆ ಕೆರೆಗೆ ಹೋಗಿದ್ದೆವು. ತಿರುಗಿ ಬಂದವನು ನಾನೊಬ್ಬನೇ.

ಹೆರೋದ ಅರಸನ ಅಪ್ಪಣೆಯಂತೆ ಬೆತ್ಲೆಹೇಮಿನಲ್ಲಿ ಹತರಾದ ಗಂಡುಕೂಸುಗಳನ್ನು ನಮ್ಮ ಇಗರ್ಜಿಗಳು ನೆನೆಯುವುದು ಡಿಸೆಂಬರ್ 28ರಂದು. ಹಬ್ಬಕ್ಕೆ ಬಿಳಿಯ ಉಡುಪು ತೊಟ್ಟ ಗುರುಗಳು ಅಂದು ರಕ್ತಸಾಕ್ಷಿಗಳ ಕೆಂಪು ತೊಡುತ್ತಾರೆ. ಜೋಸೆಫನಿಗೆ ಕನಸಿನಲ್ಲಿ ಎಚ್ಚರಿಕೆ ಬಂತು. ಅವನು ರಾತ್ರೋರಾತ್ರಿ ತಾಯಿ ಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟುಹೋದ. ಊರಿನ ಉಳಿದ ತಂದೆಯರು ಮಲಗಿಯೇ ಇದ್ದರು.

ಆ ಮನೆಯಾಕೆ ಒಮ್ಮೆ ಈ ಕಥೆ ಕೇಳಿ, "ನಮ್ಮ ಕಂಸನ ಕಥೆಯ ಹಾಗೆಯೇ ಉಂಟಲ್ಲ ಬಾಯಮ್ಮ. ಆದರೆ ದೇವದೂತ ಒಂದೇ ಮನೆಗೆ ಹೋದದ್ದು ಯಾಕೆ?" ಎಂದರಂತೆ. ಅಮ್ಮನಿಗೆ ಉತ್ತರ ತೋಚಲಿಲ್ಲ. ಎಷ್ಟೋ ವರ್ಷಗಳ ಮೇಲೆ ನನಗೆ ಇದನ್ನು ಹೇಳುವಾಗಲೂ ತೋಚಿರಲಿಲ್ಲ.

ಈ ಘಟನೆ ಮತ್ತಾಯನ ಶುಭಸಂದೇಶದಲ್ಲಿ ಬಿಟ್ಟರೆ ಉಳಿದ ಮೂರರಲ್ಲಿ ಇಲ್ಲ. ಹೆರೋದನ ಕ್ರೌರ್ಯವನ್ನು ವಿಸ್ತಾರವಾಗಿ ಬರೆದ, ಅವನು ಸ್ವಂತ ಮಕ್ಕಳನ್ನೇ ಕೊಲ್ಲಿಸಿದ್ದನ್ನೂ ದಾಖಲಿಸಿದ ಇತಿಹಾಸಕಾರ ಜೋಸೆಫಸ್ ಇದನ್ನು ಹೇಳುವುದಿಲ್ಲ. ಬೆತ್ಲೆಹೇಮ್ ಸಣ್ಣ ಊರು. ನಡೆದಿದ್ದರೂ ಸತ್ತವರು ಕೆಲವೇ ಕೂಸುಗಳಿರಬೇಕು ಎನ್ನುವ ವಿದ್ವಾಂಸರಿದ್ದಾರೆ. ಇರಬಹುದು. ಆದರೆ ಲೆಕ್ಕ ಎಷ್ಟು ಕಡಿಮೆಯಾದರೂ ತೊಟ್ಟಿಲು ಬರಿದಾದ ತಾಯಿಗೆ ಅದರಿಂದ ಏನಾದ ಹಾಗಾಯಿತು?

ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗೆಲ್ ಈ ಹತ್ಯೆಯನ್ನು ತನ್ನದೇ ನಾಡಿನ ಹಿಮ ಬಿದ್ದ ಹಳ್ಳಿಯೊಂದರಲ್ಲಿ ನಡೆದಂತೆ ಬರೆದ. ಮುಂದೆ ಆ ಚಿತ್ರದಲ್ಲಿ ಕೂಸುಗಳ ಮೇಲೆ ಬಣ್ಣ ಬಳಿಸಿ ಬಾತುಕೋಳಿ, ಗಂಟುಮೂಟೆಗಳನ್ನು ಬರೆಸಲಾಯಿತು. ಬ್ರಿಟನ್ನಿನ ರಾಜಮನೆತನದ ಸಂಗ್ರಹದಲ್ಲಿರುವ ಆ ಚಿತ್ರದಲ್ಲಿ ಇಂದಿಗೂ ತಾಯಂದಿರು ಗಂಟುಗಳನ್ನು ಅಪ್ಪಿಕೊಂಡು ಅಳುತ್ತಿದ್ದಾರೆ. ನಾವು ಗೋದಲಿಯಲ್ಲಿ ಕುರಿ, ಹಸು, ಕುರುಬರನ್ನು ಇಟ್ಟು ಹೆರೋದನನ್ನು ಬಿಡುವುದೂ ಹೆಚ್ಚುಕಡಿಮೆ ಹೀಗೆಯೇ. ಅಷ್ಟಮಿಯ ರಾತ್ರಿ ಕೃಷ್ಣನನ್ನು ತೂಗುವಾಗ, ಅವನಿಗಿಂತ ಮೊದಲು ಹುಟ್ಟಿ ಕಂಸನ ಕೈಯಲ್ಲಿ ಸತ್ತ ಆರು ಅಣ್ಣಂದಿರನ್ನು ನೆನೆಯುವವರು ಎಷ್ಟು ಮಂದಿ?

ಹಾಗೆಂದು ಹಬ್ಬ ಬೇಡವೆ? ಆ ಮಾತನ್ನು ಆಕೆಯೇ ಒಪ್ಪುತ್ತಿರಲಿಲ್ಲ. ತಟ್ಟೆಯನ್ನು ಎಂದೂ ಹಿಂದಕ್ಕೆ ಕಳಿಸಿದವರಲ್ಲ. ನನ್ನ ಪ್ರಶ್ನೆ ಬೇರೆ. "ದೇವರು ನನ್ನ ಮಗನನ್ನು ಉಳಿಸಿದ" ಎಂದು ಅಮ್ಮ ಗಟ್ಟಿಯಾಗಿ ಹೇಳಬಹುದಿತ್ತೆ? ಬೇಲಿಯಾಚೆ ಆ ಮಾತು ಹೇಗೆ ಕೇಳಿಸುತ್ತಿತ್ತು? ಕೃತಜ್ಞತೆ ತಪ್ಪಲ್ಲ, ಆದರೆ ಅದಕ್ಕೆ ಪಕ್ಕದ ಮನೆಯ ಕಿವಿಯೊಂದು ಇದೆಯೆಂಬ ಎಚ್ಚರ ಬೇಕು.

ಉಳಿದ ಆ ಕೂಸೂ ಮುಂದೆ ಶಿಲುಬೆಯ ಮೇಲೆ ಸತ್ತಿತಲ್ಲ ಎಂದು ನಾವು ಸಮಾಧಾನ ಹೇಳುವುದುಂಟು. ನಂಬುವವನಿಗೆ ಅದು ದೊಡ್ಡ ಮಾತೇ. ಆದರೂ ಮತ್ತಾಯನು ಅಳುವ ತಾಯಿ ರಾಖೇಲಳ ನೆನಪನ್ನು ಪ್ರವಾದಿ ಯೆರೆಮೀಯನಿಂದ ಎತ್ತಿಕೊಳ್ಳುತ್ತಾನೆ. ಅಲ್ಲಿ ಅದರ ಬೆನ್ನಿಗೇ ಬರುವ ಸಾಂತ್ವನದ ಮಾತುಗಳನ್ನು ಎತ್ತಿಕೊಳ್ಳುವುದಿಲ್ಲ. ಅವಳನ್ನು ಅಳಲು ಬಿಡುತ್ತಾನೆ. ಅಮ್ಮ ಮಾಡಿದ್ದೂ ಅದನ್ನೇ. ಉತ್ತರವಿಲ್ಲದೆ ಹೋಗಿ, ಒಂದು ಗಳಿಗೆ ಕುಳಿತು ಬರುತ್ತಿದ್ದಳು.

ಈಗ ಅವರಿಬ್ಬರೂ ಇಲ್ಲ. 28ರ ಸಂಜೆ ತಟ್ಟೆ ಹಿಡಿದು ಹೋಗುವವನು ನಾನು. ಬಾಗಿಲು ತೆರೆಯುವುದು ಅವನ ತಂಗಿ. ನಾವು ಕೆರೆಯ ಮಾತು ಎತ್ತುವುದಿಲ್ಲ. ಒಂದಿಷ್ಟು ಹೊತ್ತು ಕೂರುತ್ತೇವೆ. ಮನೆಗೆ ಬಂದ ಮೇಲೆ ಗೋದಲಿಯ ದೀಪ ಹಚ್ಚುತ್ತೇನೆ.