ಹಿತ್ತಲ ಗೂಡಿನ ಗ್ಲಾಸು

ನಮ್ಮ ಅಡುಗೆಮನೆಯ ಸಾಮಾನುಗಳಿಗೆ ಕಾಲು ಬಂದದ್ದು ಹೋದ ವರ್ಷದ ಬೇಸಿಗೆಯಲ್ಲಿ. ಮೊದಲು ಲಟ್ಟಣಿಗೆ ಹೋಯಿತು. ಅದರ ಹಿಂದೆ ಹಿಟ್ಟಿನ ಸಾಣಿಗೆ, ಚಕ್ಕುಲಿ ಒರಳು, ಕರಚಿಕಾಯಿ ಕೊರೆಯುವ ಚಕ್ರ. ಹುಡುಕಿದರೆ ಎಲ್ಲವೂ ಹಿತ್ತಲಿನ ಕೊಟ್ಟಿಗೆಯಲ್ಲಿ! ದನ ಕಟ್ಟುವುದನ್ನು ಬಿಟ್ಟ ಮೇಲೆ ಅದು ಖಾಲಿ ಬಿದ್ದಿತ್ತು. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗದವರ ಕುಂಬಾರಿಕೆ ತರಬೇತಿ ಸಂಸ್ಥೆಯೊಂದಿದೆ. ನನ್ನ ಮಗಳು ಅಲ್ಲಿ ಕಲಿತು ಬಂದು, ದೇವಣಗಾಂವದ ನಮ್ಮ ಕೊಟ್ಟಿಗೆಯಲ್ಲಿ ಕರೆಂಟಿನ ತಿಗರಿ ಇಟ್ಟುಕೊಂಡು ಕುಳಿತಿದ್ದಳು.

ನೋಡಲು ಚೆಂದವೇ. ಹೋಳಿಗೆ ಲಟ್ಟಿಸಿದ ಹಾಗೆ ಮಣ್ಣನ್ನು ಲಟ್ಟಿಸುತ್ತಾಳೆ. ಎರಡೂ ಬದಿಗೆ ಒಂದೇ ದಪ್ಪದ ಕಟ್ಟಿಗೆ ಪಟ್ಟಿ ಇಟ್ಟರೆ ಹಾಳೆ ಸಮನಾಗಿ ಬರುತ್ತದೆ. ಚಕ್ಕುಲಿ ಒರಳಿನಿಂದ ಒತ್ತಿದ ಎಳೆ ಕಪ್ಪಿನ ಹಿಡಿಕೆಯಾಗುತ್ತದೆ. ಹಿಡಿಕೆ ಕೂಡಿಸುವ ಮೊದಲು ಮುಳ್ಳು ಚಮಚೆಯಿಂದ ಎರಡೂ ಕಡೆ ಗೀರಿ, ಮಣ್ಣಿನ ರಾಡಿ ಹಚ್ಚಬೇಕು. ಇಲ್ಲದಿದ್ದರೆ ಒಣಗುವಾಗ ಬಿಟ್ಟುಕೊಳ್ಳುತ್ತದಂತೆ. ಮೂವತ್ತು ವರ್ಷ ಹೋಳಿಗೆ ಮಾಡಿದ ನನಗಿಂತ ಅವಳ ಕೈ ಹದವಾಗಿದೆ ಎಂದು ಹೊಟ್ಟೆಕಿಚ್ಚೂ ಆಯಿತು.

ನಮ್ಮ ಅತ್ತೆಯವರಿಗೆ ಮಾತ್ರ ಇದು ಸಹನೆಯಾಗಲಿಲ್ಲ. "ಮಣ್ಣು ಹತ್ತಿದ ಲಟ್ಟಣಿಗಿ ತಂದು ನಾಳೆ ದೇವರ ನೈವೇದ್ಯಕ್ಕ ಹೋಳಗಿ ಮಾಡಾವರೇನವಾ?" ಎಂದರು. ನಾನು ಶಾಲೆಯ ಧಾಟಿ ತೆಗೆದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎರೆಮಣ್ಣಿನ ಎತ್ತುಗಳನ್ನು ಇದೇ ಮನೆಯೊಳಗೆ ಪೂಜಿಸುವುದಿಲ್ಲವೇ? ಕುಂಬಾರ ಗುಂಡಯ್ಯ ಗಡಿಗೆ ಬಾರಿಸಿದರೆ ಶಿವನೇ ಬಂದು ಕುಣಿದನೆಂದು ಹರಿಹರ ರಗಳೆ ಬರೆದಿಲ್ಲವೇ? ಕುಂಬಾರರ ಮನೆಯಿಂದ ಬಂದ ಹೊಸ ಗಡಿಗೆಗೆ ನೀವೇ ಮೈಲಿಗೆ ಎನ್ನುವುದಿಲ್ಲವಲ್ಲ! ಅತ್ತೆಯವರು ಸುಮ್ಮನಾದರು. ಒಪ್ಪಿ ಅಲ್ಲ, ನನ್ನ ಗಂಟಲಿಗೆ ಸೋತು. ಲಟ್ಟಣಿಗೆಯನ್ನು ಬಿಸಿನೀರಲ್ಲಿ ತೊಳೆದು ಒಳಗಿಟ್ಟೆ. ಗೆದ್ದೆನೆಂದುಕೊಂಡೆ.

ಎಂಟು ದಿನಕ್ಕೆ ಮಗಳೇ ನನ್ನ ಕೈ ಹಿಡಿದಳು. ಅವಳು ಕಲಸಿಟ್ಟಿದ್ದ ಹೊಳಪಿನ ನೀರಿನಿಂದ ಚಹಾ ಸೋಸುವ ಜಾಲರಿಯನ್ನು ಎತ್ತಿ, ತೊಳೆಯಲು ಹೊರಟಿದ್ದೆ.

"ಅವ್ವಾ, ಅದು ಒಳಗ ಬರಬಾರದು. ಎಷ್ಟು ತೊಳದ್ರೂ ಬರಬಾರದು."

ಮಣ್ಣಿನ ಪಾತ್ರೆಗೆ ಗಾಜಿನಂಥ ಹೊಳಪು ಬರಲು ಹಚ್ಚುವ ಆ ನೀರಿನಲ್ಲಿ ತಾಮ್ರ, ಮ್ಯಾಂಗನೀಸ್, ಕೋಬಾಲ್ಟ್‌ಗಳ ಪುಡಿ ಇರುತ್ತದೆ. ಹಿಂದೆ ಸೀಸವನ್ನೂ ಧಾರಾಳವಾಗಿ ಹಾಕುತ್ತಿದ್ದರು. ಅಂಥ ಭರಣಿಯಲ್ಲಿ ಉಪ್ಪಿನಕಾಯಿ ಇಟ್ಟರೆ ಹುಳಿಗೆ ಸೀಸ ಬಿಟ್ಟುಕೊಂಡು ಹೊಟ್ಟೆಗೆ ಸೇರುತ್ತದೆ. (ಬಣ್ಣ ನೋಡಿ ಭರಣಿ ಕೊಳ್ಳುವ ನನ್ನಂಥವರು ಇದನ್ನು ಕೇಳಿ ಕೊಳ್ಳಬೇಕು.) ಒಣ ಮಣ್ಣಿನ ಧೂಳೂ ಪುಪ್ಪುಸಕ್ಕೆ ಕೆಟ್ಟದ್ದು, ಅದಕ್ಕೇ ಅವಳು ಕೊಟ್ಟಿಗೆಯಲ್ಲಿ ಕಸಬರಿಗೆ ಆಡಿಸದೆ ಒದ್ದೆ ಅರಿವೆಯಿಂದ ಒರೆಸುತ್ತಾಳೆ. ಒಮ್ಮೆ ಹೊರಗೆ ಹೋದ ಸಾಮಾನು ಹೊರಗೇ. ಪಡಸಾಲೆಯಲ್ಲಿ ಜಪಸರ ಹಿಡಿದಿದ್ದ ಅತ್ತೆಯವರು, "ನಮ್ಮ ಮಡೀನೂ ಹಿಂಗs ಇತ್ತಲ್ಲಾ" ಎಂದು ನಕ್ಕರು.

ಆ ನಗೆ ನನ್ನನ್ನು ಬಿಡಲಿಲ್ಲ. ಇಬ್ಬರದೂ 'ಬೇರೆ ಇಡು' ಎಂಬ ಮಾತೇ. ಮಗಳದ್ದು ಉಣ್ಣುವವರ ಹೊಟ್ಟೆಯ ಚಿಂತೆ, ಅದಕ್ಕೆ ಕಾರಣ ಕೇಳಿದರೆ ಹೇಳುತ್ತಾಳೆ, ಆ ಕಾರಣ ಯಾವ ಮನೆಯಲ್ಲಾದರೂ ನಿಲ್ಲುತ್ತದೆ. ಮಡಿಗೆ ಕಾರಣ ಕೇಳಿದರೆ ಕೊನೆಗೆ ಒಬ್ಬ ಮನುಷ್ಯರ ಹೆಸರಿಗೋ ಕುಲಕ್ಕೋ ಬಂದು ಮುಟ್ಟುತ್ತದೆ. ಹೀಗೆ ಬಿಡಿಸಿಕೊಂಡು ನೆಮ್ಮದಿಯಾಗಿದ್ದೆ.

ಮರುದಿನ ಮಗಳಿಗೆ ಹೊಳಪಿನ ನೀರು ಅಳೆಯಲು ಒಂದು ಗ್ಲಾಸು ಬೇಕಾಯಿತು. ಹಿತ್ತಲ ಬಾಗಿಲ ಪಕ್ಕದ ಗೂಡಿನಿಂದ ಸ್ಟೀಲಿನ ಗ್ಲಾಸೊಂದನ್ನು ತೆಗೆದುಕೊಂಡಳು. "ಇದು ಹೆಂಗೂ ಒಳಗ ಬರೂದಿಲ್ಲಲ್ಲ" ಎಂದಳು. ಅವಳ ದನಿಯಲ್ಲಿ ಕೊಂಕಿರಲಿಲ್ಲ. ಚಿಕ್ಕಂದಿನಿಂದ ಕಂಡದ್ದನ್ನು ಹೇಳಿದಳು, ಅಷ್ಟೆ.

ಅದು ಪಾತ್ರೆ ತಿಕ್ಕಲು ಬರುವಾಕೆಯ ಚಹಾದ ಗ್ಲಾಸು. ನಾನು ಮದುವೆಯಾಗಿ ಬಂದಾಗಲೂ ಅಲ್ಲೇ ಒಂದು ಗ್ಲಾಸು ಇತ್ತು. ಅದು ಸವೆದಾಗ ಹೊಸದನ್ನು ತಂದಿಟ್ಟವಳು ನಾನೇ. ನಮ್ಮ ಮನೆಯ ಪ್ರತಿಯೊಂದು ತಾಟು, ತಂಬಿಗೆ, ದೇವರ ನೈವೇದ್ಯದ ಬಟ್ಟಲು ಸಮೇತ ಅವಳ ಕೈಯಲ್ಲಿ ಬೆಳಗಿ ಒಳಗೆ ಬರುತ್ತವೆ. ಅವಳು ಕುಡಿದ ಗ್ಲಾಸು ಮಾತ್ರ ಬರುವುದಿಲ್ಲ. ಇಪ್ಪತ್ತೇಳು ವರ್ಷ ಮಕ್ಕಳಿಗೆ ಬಸವಣ್ಣನವರ ಪಾಠ ಹೇಳಿದ್ದೇನೆ.

ಬೆಳಿಗ್ಗೆ ಆಕೆ ಕೆಲಸ ಮುಗಿಸಿ ಕಟ್ಟೆಯ ಮೇಲೆ ಕುಳಿತಳು. ಗೂಡು ನೋಡಿ, "ಅಕ್ಕೋರ, ನನ್ನ ಗ್ಲಾಸ್ ಎಲ್ಲಿ ಹೋತ್ರಿ?" ಎಂದಳು. ಒಳಗಿನಿಂದ ನಾವು ಕುಡಿಯುವ ಗ್ಲಾಸೊಂದರಲ್ಲಿ ಚಹಾ ತಂದುಕೊಟ್ಟೆ. ಅವಳು ಹಿಡಿಯಲು ಹಿಂದೆ ಮುಂದೆ ನೋಡಿದಳು. "ಒಳಗಿಂದು ಐತ್ರಿ ಇದು" ಎಂದಳು. "ಇರಲಿ ಕುಡಿ" ಎಂದೆ. ಅತ್ತೆಯವರ ಜಪಸರ ಒಂದು ಗಳಿಗೆ ನಿಂತು ಮತ್ತೆ ತಿರುಗಿತು. ಆಕೆ ಬೇಗ ಬೇಗ ಕುಡಿದು, ತಾನೇ ಎರಡೆರಡು ಸಲ ತೊಳೆದು, ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೇ ಕೊಟ್ಟು ಹೋದಳು.

ಗ್ಲಾಸು ಹಿಡಿದು ನಾನು ಬಾಗಿಲಲ್ಲಿ ನಿಂತೆ. ನನ್ನ ಕೈ, ನಾನು ಹೇಳದೆಯೇ, ಆ ಗೂಡಿನ ಕಡೆಗೆ ಹೋಗಿತ್ತು. ಕೊಟ್ಟಿಗೆಯ ಬಾಗಿಲಲ್ಲಿ ಮಗಳು ಮಣ್ಣುಗೈಯಲ್ಲಿ ನಿಂತು ನೋಡುತ್ತಿದ್ದಳು.